ಹಳೇ ಡಿಸ್ಕ್ ಅಳಿಸುವ ಮುನ್ನ...

‘ತಮ್ಮಾ, ನಿಮ್ಮ ಕಂಪ್ಯೂಟರ್ ಚಾಲೂ ಆಗೋದ್ರಾಗ ಒಂದು ಚಾ ಕುಡದು ಬರಬಹುದು ನೋಡು’ ಎಂದು ಗಿರಾಕಿಗಳು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಅರ್ಜಿ ಹಾಕಲು ಕೊನೆಯ ದಿನ ಬಂದಾಗ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ.

ಕೊಪ್ಪಳದ ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಸೆಂಟರ್‌ನಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಬಿ.ಕಾಂ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ದಿನಗಳವು. ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನದಿಂದ ರಾತ್ರಿಯವರೆಗೆ ಅಂಗಡಿ. ಜೆರಾಕ್ಸ್, ಅರ್ಜಿ ತುಂಬುವುದು, ಬಾಂಡ್ ಪೇಪರ್ ಟೈಪಿಂಗ್, ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ. ಗವಿಮಠದ ಜಾತ್ರೆ ಬಂತೆಂದರೆ ಸ್ವಾಗತ ಕೋರುವ ಬ್ಯಾನರ್‌ಗಳಿಂದಲೇ ಅದರ ಹೊಟ್ಟೆ ತುಂಬುತ್ತಿತ್ತು. ಒಂದು ಜಾತ್ರೆ ಮುಗಿದ ವಾರ ಅಂಗಡಿಯ ಅಣ್ಣ ಹೊಸ ಎಸ್‌ಎಸ್‌ಡಿ ತಂದು ಟೇಬಲ್ ಮೇಲಿಟ್ಟರು. ಅಂಗೈಯಷ್ಟು ಪೆಟ್ಟಿಗೆ, ತೂಕವೇ ಇಲ್ಲ. ‘ಇದನ್ನ ಹಾಕಿದ್ರ ಕಂಪ್ಯೂಟರ್ ಓಡ್ತೈತಂತ’ ಅಂದರು.

‘ಕಾಪಿ ಮಾಡೋದಲ್ಲೇನಣ್ಣ, ನಾನ ಮಾಡ್ತೀನಿ. ಹೊರಗಿನವ್ರಿಗೆ ಯಾಕ ರೊಕ್ಕ ಕೊಡ್ತಿ?’ ಅಂದೆ. ಈ ಬರಹ ಆ ಒಂದು ಮಾತಿನ ಫಲ.

ಕಾಪಿ, ಪೇಸ್ಟ್, ಫಾರ್ಮ್ಯಾಟ್

ನಮ್ಮ ಕಂಪ್ಯೂಟರ್‌ನಲ್ಲಿದ್ದದ್ದು 500 ಜಿಬಿಯ ಹಳೇ ಹಾರ್ಡ್‌ಡಿಸ್ಕ್. ಮೈಮೇಲೆ 500 ಎಂದು ಬರೆದಿದ್ದರೂ ಕಂಪ್ಯೂಟರ್ ತೋರಿಸುವುದು 465. ಇದು ಮೋಸವಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಈ ಡಿಸ್ಕ್‌ನೊಳಗೆ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಒಂದು ತೋಳು ಅತ್ತಿತ್ತ ಓಡಾಡಿ ಬೇಕಾದದ್ದನ್ನು ಹುಡುಕುತ್ತದೆ. 1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್‌ಡಿಸ್ಕ್‌ನಲ್ಲಿ ಇಂಥ 50 ತಟ್ಟೆಗಳಿದ್ದವು, ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಗಾತ್ರ ಇಳಿಯಿತು, ಜಾಗ ಬೆಳೆಯಿತು, ತಿರುಗುವುದು ಮಾತ್ರ ಹಾಗೇ ಉಳಿಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಎಲ್ಲವೂ ಚಿಪ್. ಹಳೇ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಧಾರಣ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ಸಣ್ಣ ಸಣ್ಣ ಫೈಲುಗಳನ್ನು ಹುಡುಕಿ ತೆಗೆಯುವಲ್ಲಿ ಈ ಅಂತರ ಇನ್ನೂ ದೊಡ್ಡದು.

ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹೊಸದಕ್ಕೆ ವಿಂಡೋಸ್ ಹಾಕಿದೆ. ಹಳೆಯದನ್ನು ಪಕ್ಕದಲ್ಲೇ ಜೋಡಿಸಿದೆ. ಡಿ ಡ್ರೈವ್ ಪೂರ್ತಿ ಆಯ್ಕೆ ಮಾಡಿ ಕಾಪಿ ಕೊಟ್ಟೆ. ‘ಸಾಫ್ಟ್‌ವೇರ್ ಇರೋದು ಪ್ರೋಗ್ರಾಂ ಫೈಲ್ಸ್‌ನಲ್ಲಿ’ ಎಂದು ಎಲ್ಲೋ ಓದಿದ್ದು ನೆನಪಾಗಿ ಆ ಫೋಲ್ಡರನ್ನೂ ಎಳೆದು ತಂದು ಹಾಕಿದೆ. ಎರಡು ತಾಸು ಹಸಿರು ಪಟ್ಟಿ ಹರಿಯುವುದನ್ನೇ ನೋಡುತ್ತ ಕೂತೆ. ಕರೆಂಟ್ ಹೋಗಲಿಲ್ಲ. ಅದೊಂದೇ ಅವತ್ತಿನ ಪುಣ್ಯ.

ಹಳೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕೋಣ ಎಂದು ಅಣ್ಣ ಹೇಳಿದ್ದರು. ಕಾಪಿ ಮುಗಿಯಿತಲ್ಲ ಎಂದು ಆ ರಾತ್ರಿಯೇ ಫಾರ್ಮ್ಯಾಟ್ ಮಾಡಿದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಪೆನ್‌ಡ್ರೈವ್‌ನಲ್ಲಿದ್ದ ಒಂದು ಸಿನಿಮಾವನ್ನು ಅದಕ್ಕೆ ಹಾಕಿದೆ. ಎರಡು ಜಿಬಿಯ ಆ ಸಿನಿಮಾವನ್ನು ನಾನು ಇವತ್ತಿಗೂ ನೋಡಿಲ್ಲ.

ರೇಷನ್ ಕಾರ್ಡ್ ಊರಲ್ಲೇ ಉಳಿಯಿತು

ಸೋಮವಾರ ಕಂಪ್ಯೂಟರ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಚಾಲೂ ಆಯಿತು. ಅಣ್ಣ ಬೆನ್ನು ತಟ್ಟಿದರು. ಅದಾಗಿ ಹತ್ತು ನಿಮಿಷಕ್ಕೆ ಶುರುವಾಯಿತು ನೋಡಿ.

ಪೇಜ್‌ಮೇಕರ್ ತೆರೆಯಲಿಲ್ಲ. ಕಾಪಿ ಮಾಡಿ ತಂದ ಫೋಲ್ಡರ್‌ನೊಳಗೆ ಹೋಗಿ ಒತ್ತಿದರೆ ಯಾವುದೋ ಫೈಲ್ ಸಿಗುತ್ತಿಲ್ಲ ಎಂದಿತು. ಬೆರಳಚ್ಚು ತೆಗೆದುಕೊಳ್ಳುವ ಯಂತ್ರದ ದೀಪ ಹತ್ತಲಿಲ್ಲ. ಪ್ರಿಂಟರ್‌ಗೆ ಕಂಪ್ಯೂಟರಿನ ಗುರುತೇ ಇರಲಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೆಲ್ಲ ಮಾಯ. ಹೊರಗೆ ಹನ್ನೆರಡು ಜನ ಸಾಲಾಗಿ ನಿಂತಿದ್ದರು.

ಯಾಕೆ ಹೀಗಾಯಿತು ಎಂಬುದು ತಿಳಿಯಲು ನನಗೆ ವಾರ ಹಿಡಿಯಿತು. ಈಗ ಕೇಳಿದವರಿಗೆ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕುಟುಂಬ ಯಲಬುರ್ಗಾದಿಂದ ಕೊಪ್ಪಳಕ್ಕೆ ಮನೆ ಬದಲಿಸುತ್ತದೆ ಅಂದುಕೊಳ್ಳಿ. ಜೋಳದ ಚೀಲ, ಪಾತ್ರೆ, ಹಾಸಿಗೆಯನ್ನು ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬಂದರೆ ಆಯಿತು. ಹೊಸ ಮನೆಯಲ್ಲೂ ಜೋಳ ಜೋಳವೇ. ನಮ್ಮ ಫೋಟೊ, ಪಿಡಿಎಫ್, ಹಾಡುಗಳು ಆ ಜೋಳದ ಚೀಲದಂತೆ. ಆದರೆ ರೇಷನ್ ಕಾರ್ಡ್, ಗ್ಯಾಸ್ ಕನೆಕ್ಷನ್, ಮತದಾರರ ಪಟ್ಟಿಯಲ್ಲಿನ ಹೆಸರು ಚೀಲದಲ್ಲಿ ಬರುವುದಿಲ್ಲ. ಅವು ಆ ಊರಿನ ದಾಖಲೆಯಲ್ಲಿ ಇರುತ್ತವೆ. ಹೊಸ ಊರಿನಲ್ಲಿ ಮತ್ತೆ ಅರ್ಜಿ ಕೊಟ್ಟೇ ಬರೆಸಬೇಕು.

ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದೆಂದರೆ ಅದೇ. ಅದು ಒಂದು ಫೋಲ್ಡರ್‌ನಲ್ಲಿ ಮಾತ್ರ ಕೂರುವುದಿಲ್ಲ. ರಿಜಿಸ್ಟ್ರಿ ಎಂಬ ವಿಂಡೋಸ್‌ನ ದೊಡ್ಡ ಖಾತೆಪುಸ್ತಕದಲ್ಲಿ ತನ್ನ ಹೆಸರು, ವಿಳಾಸ, ಲೈಸೆನ್ಸ್ ಬರೆಸುತ್ತದೆ. ಸಿಸ್ಟಂ ಫೋಲ್ಡರ್‌ನಲ್ಲಿ ಕೆಲವು ಫೈಲುಗಳನ್ನು ಇಡುತ್ತದೆ. ಬಳಕೆದಾರರ ಫೋಲ್ಡರ್‌ನೊಳಗೆ ಕಣ್ಣಿಗೆ ಕಾಣದಂತೆ ಅಡಗಿರುವ ಆ್ಯಪ್‌ಡೇಟಾ ಎಂಬಲ್ಲಿ ನಮ್ಮ ಸೆಟ್ಟಿಂಗ್‌ಗಳನ್ನು ಬಚ್ಚಿಡುತ್ತದೆ. ಬ್ರೌಸರ್‌ನ ಪಾಸ್‌ವರ್ಡ್‌ಗಳನ್ನಂತೂ ಆ ವಿಂಡೋಸ್ ಖಾತೆಯ ಕೀಲಿಯಿಂದಲೇ ಬೀಗ ಹಾಕಿಡಲಾಗಿರುತ್ತದೆ. ಫೋಲ್ಡರ್ ಹೊತ್ತು ತಂದರೂ ಬೀಗ ತೆರೆಯದು. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್‌ಗೆ ಹಳೇ ಕಂಪ್ಯೂಟರ್‌ನಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಚಾಲೂ ಮಾಡಿಕೊಳ್ಳಬೇಕು. ನಾನು ಜೋಳದ ಚೀಲ ಇಳಿಸಿ, ‘ಮನೆ ಬದಲಾಯಿಸಿದೆ’ ಎಂದು ಹೇಳಿಕೊಂಡು ತಿರುಗಿದ್ದೆ.

ಅವತ್ತು ಒಂದೊಂದನ್ನೇ ಹುಡುಕಿ, ಇನ್‌ಸ್ಟಾಲ್ ಮಾಡಿ, ಸಂಜೆ ಹೊತ್ತಿಗೆ ಅಂಗಡಿ ನಡೆಯುವಂತಾಯಿತು. ಬಡಿದಿದ್ದು ಇಷ್ಟೇ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲ.

ಮಾಸ್ತರರ ಕನ್ನಡ

ಕುಷ್ಟಗಿಯಿಂದ ನಿವೃತ್ತ ಮಾಸ್ತರರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಹಳ್ಳಿಗಳನ್ನು ಸುತ್ತಿ ಬೀಸುವ ಪದ, ಸೋಬಾನೆ ಪದ, ಹಂತಿ ಪದಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದು ನಮ್ಮಿಂದ ಟೈಪ್ ಮಾಡಿಸುತ್ತಿದ್ದರು. ಪೆನ್ಶನ್ ಹಣದಲ್ಲಿ ಪುಸ್ತಕ ಮಾಡಿಸುವ ಆಸೆ. ಮೂರು ವರ್ಷದಿಂದ ಆ ಕೆಲಸ ನಡೆದಿತ್ತು.

ಬುಧವಾರ ಬಂದವರು ‘ತಮ್ಮಾ, ಮೊದಲಿನ ಭಾಗ ಒಮ್ಮೆ ತೆಗಿ’ ಅಂದರು. ತೆಗೆದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಅವುಗಳ ತಲೆಯ ಮೇಲೆ ಚುಕ್ಕಿ, ಗೀಟು, ಕೊಂಬು. ಒಂದು ಕನ್ನಡ ಅಕ್ಷರವಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ‘ಏನಪಾ ಇದು?’ ಅಂದರು. ನನ್ನ ಗಂಟಲು ಒಣಗಿತು.

ಇದು ಕನ್ನಡದಲ್ಲಿ ಹಳೇ ಫೈಲ್ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಒಂದಿಲ್ಲೊಂದು ದಿನ ಎದುರಾಗುವ ಸಂಗತಿ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ನುಡಿ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ಬರಹ, ಇವು ನಮ್ಮ ಡಿಟಿಪಿ ಅಂಗಡಿಗಳಿಗೆ ಕನ್ನಡ ತಂದುಕೊಟ್ಟವು. ಆಗಿನ ಕಂಪ್ಯೂಟರ್‌ಗಳು ಕನ್ನಡವನ್ನು ಕನ್ನಡ ಎಂದು ಗುರುತಿಸುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್, ಫಾಂಟಿನ ವೇಷ ಹಾಕಿದಾಗ ನಮಗೆ ಕಾಣುವುದು ಕನ್ನಡ. ಫೈಲ್‌ನಲ್ಲಿ ಸಾಮಾನ್ಯವಾಗಿ ಉಳಿಯುವುದು ಫಾಂಟಿನ ಹೆಸರು ಮಾತ್ರ, ಫಾಂಟ್ ಅಲ್ಲ. ಅದು ಸಿ ಡ್ರೈವ್‌ನಲ್ಲಿ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ನಾನು ತಂದದ್ದು ಡಿ ಡ್ರೈವ್.

ಯುನಿಕೋಡ್‌ನಲ್ಲಿ ಹಾಗಿಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಜಾಗವಿದೆ. ‘ಕ’ ಅಕ್ಷರಕ್ಕೆ ಅದರದೇ ಸಂಖ್ಯೆ. ಫಾಂಟ್ ಬದಲಾದರೆ ಅಕ್ಷರದ ಚೆಂದ ಬದಲಾಗಬಹುದು, ಅಕ್ಷರ ಬದಲಾಗದು.

ನುಡಿ ಇನ್‌ಸ್ಟಾಲ್ ಮಾಡಿದೆ. ಫೈಲ್ ಮತ್ತೆ ತೆರೆದೆ. ಇಡೀ ಪುಟ ಕನ್ನಡವಾಗಿ ಎದ್ದು ಕೂತಿತು. ಮಾಸ್ತರರು ‘ಜೀವ ಬಂತು ನೋಡು’ ಎಂದು ನಕ್ಕರು. ಚಹಾ ತರಿಸಿದರು. ಚಹಾ ಕುಡಿಯುತ್ತ, ‘ಈಗ ಮನ್ನೆ ತಿದ್ದಿದ್ದು ತೆಗಿ’ ಅಂದರು.

ಅದು ಡಿ ಡ್ರೈವ್‌ನಲ್ಲಿ ಇರಲಿಲ್ಲ. ದಿನವೂ ಬೇಕಾಗುತ್ತದೆಂದು ನಾನೇ ಅದನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್. ಅದನ್ನು ನಾನು ಮುಟ್ಟಿರಲೇ ಇಲ್ಲ. ಹಳೇ ಡಿಸ್ಕ್ ಫಾರ್ಮ್ಯಾಟ್ ಆಗಿ ಮೂರು ದಿನವಾಗಿತ್ತು.

ಗಂಗಾವತಿಯಲ್ಲಿ ಒಂದು ರಾತ್ರಿ

ಗಂಗಾವತಿಯಲ್ಲಿ ನನ್ನ ಪಿಯುಸಿ ಗೆಳೆಯನೊಬ್ಬ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅಕ್ಕಿ ಗಿರಣಿಗಳ ಲೆಕ್ಕದ ಕಂಪ್ಯೂಟರ್‌ಗಳು ಕೆಟ್ಟರೆ ಅವನಿಗೇ ಫೋನ್. ನಾನು ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ: ‘ಫಾರ್ಮ್ಯಾಟ್ ಆದಮ್ಯಾಲ ಅದರಾಗ ಏನರ ಹಾಕಿಯೇನು?’ ಸಿನಿಮಾ ಹಾಕಿದ್ದು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ‘ಈಗಿಂದೀಗ ವೈರ್ ಕಿತ್ತು, ಡಿಸ್ಕ್ ತಗೊಂಡು ಬಾ’ ಅಂದ.

ಬಸ್ಸಿನಲ್ಲಿ ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಅವನು ವಿವರಿಸಿದ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹಾರ್ಡ್‌ಡಿಸ್ಕ್‌ನಲ್ಲಿ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಹಾಗೇ ಇರುತ್ತವೆ. ಆದರೆ ಆ ಪುಟಗಳು ಖಾಲಿ ಎಂದು ಕಂಪ್ಯೂಟರ್ ತಿಳಿದುಕೊಂಡಿರುತ್ತದೆ. ಹೊಸದಾಗಿ ಏನೇ ಹಾಕಿದರೂ ಹಳೇ ಬರಹದ ಮೇಲೆಯೇ ಬರೆದುಬಿಡಬಹುದು. ಎಸ್‌ಎಸ್‌ಡಿಯಲ್ಲಿ ಈ ಆಸೆಯೂ ಕಡಿಮೆ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ನಿಜವಾಗಿಯೂ ಖಾಲಿ ಮಾಡಿಸುತ್ತದೆ.

ಫೋಟೊರೆಕ್ ಎಂಬ ಉಚಿತ ಸಾಫ್ಟ್‌ವೇರ್ ಹಚ್ಚಿದ. ಅದು ರಾತ್ರಿಯಿಡೀ ಡಿಸ್ಕಿನ ಮೂಲೆಮೂಲೆ ಜಾಲಾಡಿತು. ಬೆಳಿಗ್ಗೆ ನೋಡಿದರೆ ಸಾವಿರಾರು ಫೈಲು. ಹೆಸರಿಲ್ಲ, ಫೋಲ್ಡರ್ ಇಲ್ಲ, ಬರೀ ನಂಬರು. ಯಾರದೋ ಆಧಾರ್ ಫೋಟೊ, ಯಾರದೋ ಲಗ್ನಪತ್ರಿಕೆ, ಯಾವುದೋ ಜಮೀನಿನ ಕರಾರುಪತ್ರ. ಈ ರಾಶಿಯಲ್ಲಿ ಮಾಸ್ತರರ ಫೈಲ್ ಯಾವುದು? ಒಂದು ಕನ್ನಡ ಪದ ಟೈಪ್ ಮಾಡಿ ಹುಡುಕಿದೆ. ಒಂದೂ ಸಿಗಲಿಲ್ಲ. ಆಮೇಲೆ ಹೊಳೆಯಿತು, ನಾನು ಹುಡುಕುತ್ತಿದ್ದದ್ದು ಯುನಿಕೋಡ್ ಕನ್ನಡ, ಫೈಲ್‌ನೊಳಗೆ ಇದ್ದದ್ದು ವೇಷದ ಕನ್ನಡ. ನುಡಿಯ ಹಳೇ ವಿಧಾನದಲ್ಲಿ ಅದೇ ಪದ ಟೈಪ್ ಮಾಡಿದಾಗ ಆರು ಫೈಲ್ ಬಂದವು.

ಆರರಲ್ಲಿ ಹೊಸದು ಹದಿನೈದು ದಿನ ಹಿಂದಿನ ಪ್ರತಿ. ಕೊನೆಯ ಪ್ರತಿ ಸಿಗಲಿಲ್ಲ. ಬಹುಶಃ ಅದರ ಮೇಲೆ ಸಿನಿಮಾ ಕೂತಿತ್ತು.

‘ನೀವು ಬರಕೊಂಡಿದ್ರಲ್ಲ...’

ಆ ಹದಿನೈದು ದಿನದಲ್ಲಿ ಸೇರಿಸಿದ್ದು ಒಂಬತ್ತು ಪದ. ಎಂಟು ಮಾಸ್ತರರ ನೋಟ್‌ಬುಕ್‌ನಲ್ಲಿದ್ದವು, ಮತ್ತೆ ಟೈಪ್ ಮಾಡಿದೆ. ಒಂದು ಮಾತ್ರ ಎಲ್ಲೂ ಇರಲಿಲ್ಲ. ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ಕೊಪ್ಪಳಕ್ಕೆ ದವಾಖಾನೆಗೆ ಬಂದಿದ್ದಾಗ ಮಾಸ್ತರರು ಅವರನ್ನು ಅಂಗಡಿಗೇ ಕರೆತಂದಿದ್ದರು. ಅಜ್ಜಿ ಸ್ಟೂಲ್ ಮೇಲೆ ಕೂತು, ಕಣ್ಣು ಮುಚ್ಚಿ, ಒಂದು ಬೀಸುವ ಪದ ಹಾಡಿದ್ದರು. ನಾನು ಕೇಳುತ್ತ ಕೇಳುತ್ತ ನೇರವಾಗಿ ಕಂಪ್ಯೂಟರ್‌ಗೆ ಇಳಿಸಿದ್ದೆ. ನನ್ನ ಬೆರಳಿಂದಲೇ ಹೋದ ಸಾಲುಗಳು. ಎಷ್ಟು ತಿಣುಕಿದರೂ ನನಗೆ ಒಂದು ಸಾಲೂ ನೆನಪಾಗಲಿಲ್ಲ.

ಮಾಸ್ತರರು ನನ್ನನ್ನು ಬೈಯಲಿಲ್ಲ. ‘ನಡಿ, ಹೋಗಿ ಬರೋಣು’ ಅಂದರು. ಭಾನುವಾರ ಇಬ್ಬರೂ ಯಲಬುರ್ಗಾ ಬಸ್ ಹತ್ತಿದೆವು.

ಅಜ್ಜಿ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದರು. ನಾವು ಬಂದ ಕಾರಣ ಕೇಳಿ ನಕ್ಕರು. ಹಾಡಲು ಶುರು ಮಾಡಿದರು. ಈ ಸಲ ನಾನು ಮೊಬೈಲ್‌ನಲ್ಲಿ ರೆಕಾರ್ಡ್ ಹಚ್ಚಿದ್ದೆ. ನಡುವೆ ಒಂದು ಕಡೆ ಅಜ್ಜಿ ನಿಂತರು. ಹಿಂದಿನ ಸಾಲು ಮತ್ತೆ ಹಾಡಿ ನೋಡಿದರು. ಮುಂದಿನ ಎರಡು ಸಾಲು ಬರಲಿಲ್ಲ. ಮೊರ ಕೆಳಗಿಟ್ಟು, ಕೈ ತಿರುಗಿಸಿದಂತೆ ಮಾಡುತ್ತ ಇನ್ನೊಮ್ಮೆ ಹಾಡಿದರು. ಅಲ್ಲಿಗೇ ನಿಂತಿತು.

‘ನೀವು ಬರಕೊಂಡಿದ್ರಲ್ಲ ಯಪ್ಪಾ’ ಅಂದರು. ‘ಹಾಳ್ಯಾಗ ಐತಿ ಬಿಡು ಅಂತ ನಾ ನೆಪ್ಪು ಬಿಟ್ಟೆ.’

ಪುಸ್ತಕ ಆಮೇಲೆ ಅಚ್ಚಾಯಿತು. ಆ ಪದದಲ್ಲಿ ಎರಡು ಸಾಲಿನ ಜಾಗದಲ್ಲಿ ಚುಕ್ಕಿಗಳಿವೆ. ಓದಿದವರು ಅಜ್ಜಿಗೆ ಮರೆತಿರಬೇಕು ಎಂದುಕೊಳ್ಳುತ್ತಾರೆ. ಮರೆಸಿದವನು ನಾನು.

ಈಗ ನಾನು ಮಾಡುವುದು

ಈಗ ಬೇರೆಯವರ ಕಂಪ್ಯೂಟರ್‌ನ ಡಿಸ್ಕ್ ಬದಲಿಸಿಕೊಡುವುದೇ ನನ್ನ ಕೈಖರ್ಚಿನ ದಾರಿ. ವಿಂಡೋಸ್ 10ರ ಉಚಿತ ಅಪ್‌ಡೇಟ್‌ಗಳಿಗೆ ಕಂಪನಿ 2025ರ ಅಕ್ಟೋಬರ್ 14ರ ಗಡುವು ಕೊಟ್ಟ ಮೇಲೆ ಹಳೇ ಕಂಪ್ಯೂಟರ್ ಬದಲಿಸಬೇಕೇ ಎಂದು ಕೇಳುವವರು ಹೆಚ್ಚು. ನೀವೇ ಮಾಡಿಕೊಳ್ಳುವುದಾದರೆ ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು.

ಮೊದಲು ಹಾಳೆಯ ಮೇಲೆ ಪಟ್ಟಿ ಬರೆಯಿರಿ. ಯಾವ ಸಾಫ್ಟ್‌ವೇರ್ ಇದೆ, ಅದರ ಲೈಸೆನ್ಸ್ ಎಲ್ಲಿದೆ, ಯಾವ ಯಂತ್ರಕ್ಕೆ ಯಾವ ಡ್ರೈವರ್ ಬೇಕು ಎಂಬುದೆಲ್ಲ ಅದರಲ್ಲಿರಲಿ. ಬ್ರೌಸರ್‌ನ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್‌ಗಳನ್ನು ಹಳೇ ಡಿಸ್ಕ್ ನಡೆಯುತ್ತಿರುವಾಗಲೇ ಸಿಂಕ್ ಮಾಡಿಕೊಳ್ಳಿ.

ಸಾಫ್ಟ್‌ವೇರ್ ಸಮೇತ ಎಲ್ಲವೂ ಇದ್ದ ಹಾಗೇ ಬರಬೇಕೆಂದರೆ ಕಾಪಿ ಅಲ್ಲ, ಕ್ಲೋನ್ ಮಾಡಬೇಕು. ಕ್ಲೋನ್‌ಜಿಲ್ಲಾದಂಥ ಉಚಿತ ಸಾಫ್ಟ್‌ವೇರ್ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 500 ಜಿಬಿಯನ್ನು 240 ಜಿಬಿಗೆ ತುರುಕಲು ಹೊರಟರೆ ಒಪ್ಪುವುದಿಲ್ಲ. ಎಲ್ಲಿಂದ ಎಲ್ಲಿಗೆ ಎಂದು ಕೇಳಿದಾಗ ಎರಡು ಸಲ ಓದಿ. ತಿರುಗುಮುರುಗಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಕ್ಲೋನ್ ಆದ ಮೇಲೆ ಹಳೆಯದರ ವೈರ್ ತೆಗೆದು, ಹೊಸದೊಂದರಿಂದಲೇ ಕಂಪ್ಯೂಟರ್ ಚಾಲೂ ಆಗುತ್ತದೆಯೇ ನೋಡಿ.

ಕಾಪಿ ಮಾಡುವುದಾದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಇರುವ ಯೂಸರ್ಸ್ ಫೋಲ್ಡರ್ ಮತ್ತು ಫಾಂಟುಗಳನ್ನು ಮರೆಯಬೇಡಿ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ. ಅಷ್ಟೇ ಸಾಲದು, ಪ್ರತಿ ಬಗೆಯದೊಂದು ಫೈಲ್ ತೆರೆದು ಓದಿ. ಹಳೇ ನುಡಿ, ಬರಹ ಫೈಲುಗಳಿದ್ದರೆ ಅವುಗಳಲ್ಲೇ ಇರುವ ಪರಿವರ್ತಕ ಬಳಸಿ ಯುನಿಕೋಡ್‌ಗೆ ಬದಲಿಸಿ ಒಂದು ಪ್ರತಿ ಇಡಿ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಬಹುದು, ಕೂತು ತಿದ್ದಿ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಅಳತೆಗೆ ತಕ್ಕ ಫೋಟೊ, ಸಹಿ, ಹಳೇ ಅರ್ಜಿಗಳ ಪ್ರತಿಗಳನ್ನು ‘ಆನ್‌ಲೈನ್ ಸೆಂಟರ್‌ನವರ ಹತ್ತಿರ ಇರ್ತೈತಿ’ ಎಂದು ನೆಚ್ಚಿಕೊಳ್ಳಬೇಡಿ. ನಾನೇ ಆ ಸೆಂಟರ್‌ನವನಾಗಿದ್ದೆ. ಮುಖ್ಯವಾದದ್ದಕ್ಕೆ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನದಲ್ಲಿರಲಿ, ಒಂದಾದರೂ ಬೇರೆ ಜಾಗದಲ್ಲಿರಲಿ. 2015ರಲ್ಲಿ ಶುರುವಾದ ಡಿಜಿಲಾಕರ್‌ನಲ್ಲಿ ಖಾತೆ ತೆರೆಯಲು ದುಡ್ಡು ಬೇಕಿಲ್ಲ.

ಕೊನೆಯದಾಗಿ, ಹಳೇ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ. ನಾನು ಬದಲಿಸಿಕೊಟ್ಟ ಪ್ರತಿ ಹಳೇ ಡಿಸ್ಕಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ದಿನಾಂಕ ಬರೆದು ಕೊಡುತ್ತೇನೆ. ‘ಇದರಾಗೇನೈತಿ, ಎಲ್ಲಾ ಹೊಸದ್ರಾಗ ಬಂತಲ್ಲ’ ಎನ್ನುತ್ತಾರೆ ಗಿರಾಕಿಗಳು.

‘ಇರಲಿ ಬಿಡ್ರಿ’ ಅನ್ನುತ್ತೇನೆ. ‘ಬೀರುವಿನಾಗ ಇಡ್ರಿ. ಒಂದು ತಿಂಗಳು.’